ಮೀನಿನ ತೊಟ್ಟಿಗೆ ಮನೆಯಲ್ಲೇ ಗಾಳಿ

ಏಪ್ರಿಲ್ ತಿಂಗಳ ಸೆಖೆಯ ರಾತ್ರಿ. ಹತ್ತು ಗಂಟೆಗೆ ಹೋದ ಕರೆಂಟು ಬೆಳಗಿನ ಜಾವಕ್ಕೆ ಬರುತ್ತದೆ. ಮನೆಯವರು ಎದ್ದು ನೋಡಿದರೆ ಅಕ್ವೇರಿಯಂನ ಗೋಲ್ಡ್‌ಫಿಶ್‌ಗಳೆಲ್ಲ ಮೇಲಕ್ಕೆ ಬಂದು ಪಟಪಟನೆ ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಪಾಪ, ಹಸಿದಿವೆ ಎಂದು ಮಕ್ಕಳು ಒಂದು ಚಿಟಿಕೆ ಆಹಾರ ಉದುರಿಸುತ್ತಾರೆ. ಮೀನುಗಳು ಅದರತ್ತ ತಿರುಗಿಯೂ ನೋಡುವುದಿಲ್ಲ. ಅವಕ್ಕೆ ಆ ಹೊತ್ತಿನಲ್ಲಿ ಬೇಕಿರುವುದು ಆಮ್ಲಜನಕ. ತಿನ್ನದೆ ಉಳಿದ ಆಹಾರ ತಳಕ್ಕಿಳಿದು ಕೊಳೆಯತೊಡಗಿದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು.

ಇಂಥ ರಾತ್ರಿಗಳಲ್ಲಿ ಮೀನು ಉಳಿಸಿಕೊಳ್ಳಲು ದುಬಾರಿ ಸಾಮಾನೇನೂ ಬೇಕಿಲ್ಲ. ಎರಡು ನೀರಿನ ಕ್ಯಾನು, ಮೆಡಿಕಲ್ ಶಾಪಿನ ಒಂದು ಡ್ರಿಪ್ ಸೆಟ್, ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡು, ಒಂದಿಷ್ಟು ಸ್ಪಾಂಜ್ ಇದ್ದರೆ ಬಹಳಷ್ಟು ಕೆಲಸ ಆಗುತ್ತದೆ. ಆದರೆ ಕೈಗೆ ಕತ್ತರಿ ತೆಗೆದುಕೊಳ್ಳುವ ಮೊದಲು ನೀರಿನೊಳಗೆ ಗಾಳಿ ಸೇರುವುದು ಹೇಗೆ ಎಂಬುದನ್ನು ತಿಳಿದುಕೊಳ್ಳಬೇಕು. ಅದು ತಿಳಿದರೆ ಉಪಕರಣ ತಾನಾಗಿ ಹೊಳೆಯುತ್ತದೆ.

ನೀರಿನಲ್ಲಿ ಗಾಳಿ ಎಷ್ಟಿದೆ?

ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ನೀರಿನಲ್ಲಿ, ಅದೂ ಸಮುದ್ರ ಮಟ್ಟದ ಊರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿರಬಲ್ಲ ಆಮ್ಲಜನಕ ಹೆಚ್ಚೆಂದರೆ 8.3 ಮಿಲಿಗ್ರಾಂ. ಅಂದರೆ ನಮಗೆ ಸಿಗುವುದರ ಮೂವತ್ತರಲ್ಲಿ ಒಂದು ಪಾಲೂ ಮೀನಿಗೆ ಸಿಗುವುದಿಲ್ಲ. ನೀರು ಬಿಸಿಯಾದಂತೆ ಈ ಪಾಲು ಇನ್ನಷ್ಟು ಕುಗ್ಗುತ್ತದೆ. 20 ಡಿಗ್ರಿಯಲ್ಲಿ 9.1 ಇದ್ದದ್ದು 30 ಡಿಗ್ರಿಗೆ ಬರುವಷ್ಟರಲ್ಲಿ 7.6ಕ್ಕೆ ಇಳಿದಿರುತ್ತದೆ. ಅದೇ ಹೊತ್ತಿಗೆ ಬಿಸಿ ನೀರಿನಲ್ಲಿ ಮೀನಿನ ಮೈಯ ಚಟುವಟಿಕೆ ಏರಿ, ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಬೇಸಿಗೆಯಲ್ಲಿ ಆದಾಯ ಇಳಿದು ಖರ್ಚು ಏರಿದ ಸಂಸಾರ ಮೀನಿನದು.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಒಂದೇ ಉಷ್ಣತೆಯಲ್ಲಿ ಮಂಗಳೂರಿನ ತೊಟ್ಟಿಗಿಂತ ಬೆಂಗಳೂರಿನ ತೊಟ್ಟಿಯ ನೀರು ಸುಮಾರು ಹತ್ತನೇ ಒಂದು ಪಾಲು ಕಡಿಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಂಗಳೂರಿನ ನೀರು ಸಾಮಾನ್ಯವಾಗಿ ಹೆಚ್ಚು ಬಿಸಿಯಾಗಿರುವುದರಿಂದ ಲೆಕ್ಕ ಹೇಗೋ ಸರಿದೂಗುತ್ತದೆ.

ಬಹುಪಾಲು ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿದರೆ ತೊಂದರೆ ಶುರು. ಕೆರೆಯಂಥ ದೊಡ್ಡ ನೀರಿನಲ್ಲೂ ಇದೇ ಕತೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ಸೇರಿದ ನೀರು, ಬೇಸಿಗೆಯ ಬಿಸಿಲು, ಕುಸಿದ ಆಮ್ಲಜನಕ, ಎಲ್ಲವೂ ಅಲ್ಲಿ ಒಟ್ಟುಗೂಡಿದ್ದವು. ಎರಡಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಇದೇ ಅನಾಹುತಕ್ಕೆ ಒಂದು ರಾತ್ರಿ ಸಾಕು.

ಗಿಡಗಳಿರುವ ತೊಟ್ಟಿಯಾದರೆ ಭಯವಿಲ್ಲ ಎಂದು ಹಲವರು ನಂಬಿದ್ದಾರೆ. ಹಗಲಿನಲ್ಲಿ ಅದು ನಿಜ. ಬೆಳಕಿರುವಷ್ಟು ಹೊತ್ತು ಗಿಡ ಆಮ್ಲಜನಕ ಬಿಡುತ್ತದೆ. ದೀಪ ಆರಿಸಿದ ಮೇಲೆ ಅದೂ ಮೀನಿನಂತೆಯೇ ಆಮ್ಲಜನಕ ಎಳೆದುಕೊಳ್ಳುತ್ತದೆ. ಇಡೀ ದಿನದಲ್ಲಿ ನೀರಿನ ಆಮ್ಲಜನಕ ತೀರಾ ತಳ ಮುಟ್ಟುವುದು ಬೆಳಗಿನ ಜಾವದಲ್ಲಿ. ಮೀನು ಸತ್ತಿರುವುದು ಹೆಚ್ಚಾಗಿ ಬೆಳಿಗ್ಗೆಯೇ ಕಣ್ಣಿಗೆ ಬೀಳಲು ಇದೂ ಒಂದು ಕಾರಣ.

ಗುಳ್ಳೆ ಮಾಡುವ ಕೆಲಸ

ಏರ್ ಪಂಪ್ ಹಾಕಿದಾಗ ಏರ್ ಸ್ಟೋನ್‌ನಿಂದ ಬುಳುಬುಳು ಗುಳ್ಳೆ ಏಳುತ್ತದೆ. ಆ ಗುಳ್ಳೆಯೊಳಗಿನ ಗಾಳಿಯೇ ನೀರಿಗೆ ಸೇರುತ್ತದೆ ಎಂದು ನೋಡಿದವರಿಗೆ ಅನ್ನಿಸುವುದು ಸಹಜ. ಸ್ವಲ್ಪ ಸೇರುವುದೂ ಹೌದು. ಆದರೆ ಒಂದಡಿ ಆಳದ ತೊಟ್ಟಿಯಲ್ಲಿ ಗುಳ್ಳೆ ತಳದಿಂದ ಮೇಲೆ ಬರಲು ಒಂದೆರಡು ಸೆಕೆಂಡ್ ಸಾಕು. ಅಷ್ಟರಲ್ಲಿ ಕರಗುವ ಆಮ್ಲಜನಕ ಅಲ್ಪ. ಗುಳ್ಳೆಗಳ ದೊಡ್ಡ ಉಪಕಾರ ಬೇರೆ ಇದೆ. ಅವು ಏರುವಾಗ ತಳದ ನೀರನ್ನು ತಮ್ಮ ಜೊತೆ ಎಳೆದು ತರುತ್ತವೆ, ಮೇಲೆ ಬಂದು ಒಡೆಯುವಾಗ ಮೇಲ್ಮೈಯನ್ನು ಕಲಕುತ್ತವೆ. ಆಮ್ಲಜನಕ ಒಳಗೆ ಬರುವ ಹೆಬ್ಬಾಗಿಲು ಆ ಮೇಲ್ಮೈ. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗುವುದೂ ಅಲ್ಲಿಂದಲೇ.

ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಅರ್ಧ ಸಮಸ್ಯೆ ಕಾಸು ಖರ್ಚಿಲ್ಲದೆ ಬಗೆಹರಿಯುತ್ತದೆ. ದುಂಡನೆಯ ಗಾಜಿನ ಬೌಲ್‌ಗೆ ಕತ್ತಿನ ತನಕ ನೀರು ತುಂಬಿದರೆ ಗಾಳಿಗೆ ತೆರೆದುಕೊಳ್ಳುವ ಜಾಗ ಅಂಗೈಯಷ್ಟಕ್ಕೆ ಇಳಿಯುತ್ತದೆ. ಅದೇ ಬೌಲ್‌ಗೆ ಹೊಟ್ಟೆಯ ಅಗಲವಾದ ಜಾಗದವರೆಗೆ ಮಾತ್ರ ತುಂಬಿದರೆ ಮೇಲ್ಮೈ ಹಲವು ಪಟ್ಟು ಹಿಗ್ಗುತ್ತದೆ. ಎತ್ತರದ ತೊಟ್ಟಿಗಿಂತ ಅಗಲದ ತೊಟ್ಟಿ ಮೀನಿಗೆ ಹಿತ. ತೊಟ್ಟಿಯ ಮೇಲೆ ಗಾಜಿನ ಮುಚ್ಚಳ ಬಿಗಿಯಾಗಿ ಕೂತಿದ್ದರೆ ಸೆಖೆಯ ದಿನಗಳಲ್ಲಿ ಅದನ್ನು ತೆಗೆದು ಬಲೆ ಹೊದಿಸಬಹುದು.

ಪಶ್ಚಿಮ ಘಟ್ಟದ ಮೀನೊಂದು ಇದನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಕಪ್ಪು ಪಟ್ಟೆಯ ಮೇಲೆ ಕೆಂಪು ಗೆರೆ ಎಳೆದಂತಿರುವ, ವ್ಯಾಪಾರದಲ್ಲಿ ‘ಮಿಸ್ ಕೇರಳ’ ಎಂದು ಹೆಸರಾದ ಡೆನಿಸನ್ ಬಾರ್ಬ್ ಕೇರಳ ಮತ್ತು ಕರ್ನಾಟಕದ ಘಟ್ಟದ ಹೊಳೆಗಳದು. ಬಂಡೆಗಳ ನಡುವೆ ನುಗ್ಗಿ ನೊರೆಯಾಗುವ ನೀರಿಗೆ ಒಗ್ಗಿದ ಮೀನು ಅದು. ನಿಂತ ನೀರಿನ ತೊಟ್ಟಿಯಲ್ಲಿ ಬೇರೆ ಮೀನುಗಳಿಗಿಂತ ಮೊದಲೇ ಏದುಸಿರು ಬಿಡುತ್ತದೆ. ಇದಕ್ಕೆ ತದ್ವಿರುದ್ಧ ಬೆಟ್ಟಾ ಮತ್ತು ಗೌರಾಮಿ. ತಲೆಯೊಳಗೆ ಲ್ಯಾಬಿರಿಂತ್ ಎಂಬ ವಿಶೇಷ ಅಂಗ ಇರುವುದರಿಂದ ಅವು ಮೇಲೆ ಬಂದು ನೇರವಾಗಿ ಗಾಳಿಯನ್ನೇ ಗುಟುಕರಿಸುತ್ತವೆ. ಹಾಗಾಗಿ ಯಾವ ಮೀನಿಗಾಗಿ ಉಪಕರಣ ಮಾಡುತ್ತಿದ್ದೇವೆ ಎಂಬುದು ಮೊದಲ ಪ್ರಶ್ನೆ.

ಪಂಪ್ ಇಲ್ಲದ ಕಾಲದಲ್ಲಿ

ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ವಿದ್ಯುತ್ ಬರುವುದಕ್ಕೆ ಮೊದಲೇ ಬೆಳೆದದ್ದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ ಮತ್ತು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟು ಅವು ಒಂದಕ್ಕೊಂದು ಆಸರೆಯಾಗಿ ಬದುಕಬಲ್ಲವು ಎಂದು 1850ರಲ್ಲಿ ವರದಿ ಮಾಡಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಈ ಹವ್ಯಾಸವನ್ನು ಮನೆಮನೆಗೆ ಒಯ್ದಿತು.

ಗಾಳಿಯನ್ನು ಒತ್ತಿ ಕಳಿಸಲು ಮೋಟಾರೇ ಬೇಕೆಂದಿಲ್ಲ, ಬೀಳುವ ನೀರು ಸಾಕು ಎಂಬುದು ಅದಕ್ಕಿಂತ ಹಳೆಯ ತಿಳಿವಳಿಕೆ. ಕೊಳವೆಯಲ್ಲಿ ರಭಸದಿಂದ ಇಳಿಯುವ ನೀರು ತನ್ನ ಜೊತೆ ಗಾಳಿಯನ್ನೂ ಎಳೆದೊಯ್ಯುತ್ತದೆ. ಆ ಗಾಳಿಯನ್ನು ಕೆಳಗೆ ಬೇರ್ಪಡಿಸಿ ಸ್ಪೇನಿನ ಕ್ಯಾಟಲೋನಿಯಾ ಕಡೆಯ ಕಮ್ಮಾರರು ಕುಲುಮೆ ಊದುತ್ತಿದ್ದರು. ಕೆನಡಾದ ಒಂಟಾರಿಯೊದಲ್ಲಿ, ಕೋಬಾಲ್ಟ್ ಪಟ್ಟಣದ ಹತ್ತಿರದ ರ್‍ಯಾಗೆಡ್ ಶೂಟ್ಸ್ ಎಂಬಲ್ಲಿ 1910ರಲ್ಲಿ ಚಾರ್ಲ್ಸ್ ಟೇಲರ್ ಕಟ್ಟಿದ ಘಟಕ ಇದೇ ತತ್ವದಿಂದ ಬೆಳ್ಳಿ ಗಣಿಗಳಿಗೆ ಒತ್ತಿದ ಗಾಳಿಯನ್ನು ಒದಗಿಸಿತು. ಅಷ್ಟು ದೊಡ್ಡ ಕೆಲಸ ಮಾಡಿದ ತತ್ವಕ್ಕೆ ಮನೆಯ ಮೀನಿನ ತೊಟ್ಟಿ ಯಾವ ಲೆಕ್ಕ?

ಎರಡು ಕ್ಯಾನಿನ ಪಂಪ್

ಮನೆಯಲ್ಲಿ ಮಾಡಲು ಇನ್ನೂ ಸುಲಭವಾದದ್ದು ಒಂದನೆಯ ಶತಮಾನದ ಅಲೆಕ್ಸಾಂಡ್ರಿಯಾದ ಹೀರೋನ ಹೆಸರಿನಲ್ಲಿರುವ ಕಾರಂಜಿಯ ತತ್ವ. ಮುಚ್ಚಿದ ಪಾತ್ರೆಗೆ ನೀರು ಇಳಿದರೆ ಅದರೊಳಗಿನ ಗಾಳಿ ಬೇರೆ ದಾರಿ ಹುಡುಕಿಕೊಂಡು ಹೊರಡಲೇಬೇಕು. ಆ ದಾರಿಯ ತುದಿಯಲ್ಲಿ ಏರ್ ಸ್ಟೋನ್ ಇಟ್ಟರೆ ಕೆಲಸ ಮುಗಿಯಿತು.

ಐದು ಲೀಟರಿನ ಎರಡು ಪ್ಲಾಸ್ಟಿಕ್ ಕ್ಯಾನು ತೆಗೆದುಕೊಳ್ಳಬೇಕು. ಒಂದು ತೊಟ್ಟಿಗಿಂತ ಎತ್ತರದ ಗೂಡಿನಲ್ಲಿ, ಇನ್ನೊಂದು ನೆಲದ ಮೇಲೆ. ಕೆಳಗಿನ ಕ್ಯಾನಿನ ಮುಚ್ಚಳಕ್ಕೆ ಎರಡು ತೂತು. ಮೇಲಿನ ಕ್ಯಾನಿನಿಂದ ನೀರು ತರುವ ಟ್ಯೂಬು ಒಂದು ತೂತಿನಿಂದ ಇಳಿದು ಕ್ಯಾನಿನ ತಳ ಮುಟ್ಟಬೇಕು. ತಳ ಮುಟ್ಟದಿದ್ದರೆ ಗಾಳಿ ಅದೇ ಟ್ಯೂಬಿನಲ್ಲಿ ಹಿಂದಕ್ಕೆ ನುಸುಳುತ್ತದೆ. ಇನ್ನೊಂದು ಟ್ಯೂಬು ಮುಚ್ಚಳದ ಒಳಮೈ ದಾಟಿದರೆ ಸಾಕು, ಅದು ಗಾಳಿಯನ್ನು ತೊಟ್ಟಿಗೆ ಒಯ್ಯುವ ದಾರಿ. ಎರಡೂ ತೂತುಗಳ ಸುತ್ತ ಎಂ-ಸೀಲ್ ಮೆತ್ತಿ ಒಂದು ದಿನ ಒಣಗಲು ಬಿಡಬೇಕು. ಎಲ್ಲಿ ಸಂದಿ ಉಳಿದರೂ ಗಾಳಿ ಅಲ್ಲಿಂದಲೇ ಸೋರಿಹೋಗುತ್ತದೆ. ಸೋಪಿನ ನೀರು ಸವರಿ ನೋಡಿದರೆ ಗುಳ್ಳೆ ಎದ್ದು ಸೋರುವ ಜಾಗ ಗೊತ್ತಾಗುತ್ತದೆ, ಸೈಕಲ್ ಶಾಪಿನವರು ಪಂಚರ್ ಹುಡುಕಿದ ಹಾಗೆ. ಪರೀಕ್ಷೆ ಮುಗಿದ ಮೇಲೆ ಸೋಪಿನ ಒಂದು ಹನಿಯೂ ಉಳಿಯದಂತೆ ತೊಳೆಯಬೇಕು.

ಮೇಲಿನ ಕ್ಯಾನಿನ ಮುಚ್ಚಳ ಗಾಳಿಯಾಡುವಂತೆ ಸಡಿಲವಾಗಿರಬೇಕು. ಎಷ್ಟು ಎತ್ತರದಲ್ಲಿಡಬೇಕು ಎಂಬುದಕ್ಕೂ ಲೆಕ್ಕವಿದೆ. ಏರ್ ಸ್ಟೋನ್ ಒಂದಡಿ ಆಳದಲ್ಲಿದ್ದರೆ, ಆ ಒಂದಡಿ ನೀರನ್ನು ತಳ್ಳಿ ಗಾಳಿ ಹೊರಬರಬೇಕು, ಜೊತೆಗೆ ಸ್ಟೋನಿನ ಸಣ್ಣ ರಂಧ್ರಗಳ ತಡೆಯನ್ನೂ ದಾಟಬೇಕು. ಎರಡು ಕ್ಯಾನುಗಳ ನೀರಿನ ಮಟ್ಟದ ನಡುವೆ ಮೂರಡಿಗಿಂತ ಹೆಚ್ಚು ಅಂತರವಿದ್ದರೆ ಧಾರಾಳವಾಗುತ್ತದೆ.

ಡ್ರಿಪ್ ಸೆಟ್ ಕೆಲಸಕ್ಕೆ ಬರುವುದು ಇಲ್ಲಿ. ಅದರ ಮೇಲಿನ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ಉರುಳಿಸಿ ನೀರಿನ ವೇಗವನ್ನು ಬೇಕಾದಷ್ಟಕ್ಕೆ ನಿಲ್ಲಿಸಬಹುದು. ನಿಮಿಷಕ್ಕೆ 100 ಮಿಲಿ ಲೀಟರ್ ಹರಿಯಬಿಟ್ಟರೆ ಐದು ಲೀಟರಿನ ಕ್ಯಾನು 50 ನಿಮಿಷ ಗಾಳಿ ಕೊಡುತ್ತದೆ. ನೀರು ಮುಗಿದಾಗ ಕ್ಯಾನುಗಳನ್ನು ಅದಲು ಬದಲು ಮಾಡಿದರೆ ಆಟ ಮತ್ತೆ ಶುರು. 20 ಲೀಟರಿನ ಕ್ಯಾನುಗಳಾದರೆ ಮೂರು ಗಂಟೆಗೂ ಹೆಚ್ಚು ಬರುತ್ತದೆ, ಆದರೆ ಅಷ್ಟು ಭಾರ ಹೊರುವ ಗಟ್ಟಿ ಗೂಡು ಬೇಕು. ಅಂಗಡಿಯ ಸಣ್ಣ ಪಂಪ್ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ಗಾಳಿ ತಳ್ಳುವುದರಿಂದ ಈ ಕ್ಯಾನಿನ ಪಂಪ್ ಅದಕ್ಕೆ ಪೂರ್ತಿ ಬದಲಿಯಾಗುವುದಿಲ್ಲ. ಕರೆಂಟು ಬರುವವರೆಗಿನ ಆಸರೆ ಇದು. ಡ್ರಿಪ್ ಸೆಟ್ ಮಾತ್ರ ಹೊಸದೇ ಆಗಿರಬೇಕು, ಆಸ್ಪತ್ರೆಯಲ್ಲಿ ಬಳಸಿ ಬಿಟ್ಟದ್ದು ಬೇಡವೇ ಬೇಡ.

ಬೆತ್ತದ ತುಂಡಿನ ಏರ್ ಸ್ಟೋನ್

ಏರ್ ಸ್ಟೋನ್ ಕೂಡ ಮನೆಯಲ್ಲಿ ಆಗುತ್ತದೆ. ಬೆತ್ತದ ಕುರ್ಚಿ ಹೆಣೆಯುವವರ ಬಳಿ ಬಿದ್ದಿರುವ, ಪಾಲಿಶ್ ಕಾಣದ ಒಂದು ತುಂಡು ಕೇಳಿ ತಂದು, ಅಡ್ಡಲಾಗಿ ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂಥ ನೂರಾರು ತೂತುಗಳು ಕಾಣುತ್ತವೆ. ಬಳ್ಳಿಯಾಗಿ ಬೆಳೆಯುವಾಗ ನೀರು ಹರಿದ ಉದ್ದನೆಯ ನಾಳಗಳು ಅವು, ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಹೋಗಿರುತ್ತವೆ. ಎರಡು ಮೂರು ಸೆಂಟಿಮೀಟರ್ ಉದ್ದದ ತುಂಡನ್ನು ಚೆನ್ನಾಗಿ ಕುದಿಸಿ, ಟ್ಯೂಬಿನ ಬಾಯಿಗೆ ಬಿಗಿಯಾಗಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನಲ್ಲಿ ಮುಳುಗಿಸಿ ಊದಿದರೆ ಸಣ್ಣ ಗುಳ್ಳೆಗಳ ದಂಡು ಏಳುತ್ತದೆ.

ಗುಳ್ಳೆ ಸಣ್ಣದಾದಷ್ಟೂ ಲಾಭ ಹೆಚ್ಚು. ನಾಲ್ಕು ಮಿಲಿಮೀಟರ್ ಅಗಲದ ಒಂದು ಗುಳ್ಳೆಯ ಗಾಳಿಯಿಂದ ಒಂದು ಮಿಲಿಮೀಟರಿನ 64 ಗುಳ್ಳೆ ಮಾಡಬಹುದು. ಗಾಳಿ ಅಷ್ಟೇ, ನೀರಿಗೆ ತಾಗುವ ಮೈ ಮಾತ್ರ ನಾಲ್ಕು ಪಟ್ಟು. ಸಣ್ಣ ಗುಳ್ಳೆ ನಿಧಾನವಾಗಿ ಏರುವುದರಿಂದ ನೀರಿನಲ್ಲಿ ಹೆಚ್ಚು ಹೊತ್ತು ಇರುತ್ತದೆ. ಮರದ ಏರ್ ಸ್ಟೋನ್‌ಗಳನ್ನು ಸಮುದ್ರದ ಮೀನು ಸಾಕುವವರು ಬಹುಕಾಲದಿಂದ ಬಳಸುತ್ತ ಬಂದಿರುವುದು ಈ ಸಣ್ಣ ಗುಳ್ಳೆಗಾಗಿಯೇ. ಬೆತ್ತವಾಗಲಿ ಮರವಾಗಲಿ ನೀರಿನಲ್ಲಿ ಕ್ರಮೇಣ ಮೆತ್ತಗಾಗಿ ಕಟ್ಟಿಕೊಳ್ಳುತ್ತದೆ. ಗುಳ್ಳೆ ಕಡಿಮೆಯಾಯಿತು ಎಂದು ಕಂಡ ಕೂಡಲೇ ತುಂಡನ್ನು ಬದಲಿಸಬೇಕು.

ಗಾಳಿಯೂ ಶುದ್ಧಿಯೂ ಒಟ್ಟಿಗೆ

ಮನೆಯಲ್ಲಿ ಒಂದೇ ಒಂದು ಉಪಕರಣ ಮಾಡುವುದಾದರೆ ಸ್ಪಾಂಜ್ ಫಿಲ್ಟರ್ ಮಾಡಬೇಕು. ಅರ್ಧ ಇಂಚಿನ ಪಿವಿಸಿ ಪೈಪನ್ನು ತೊಟ್ಟಿಯ ನೀರಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಕೆಳಗಿನ ಮೂರು ಇಂಚಿನಲ್ಲಿ ಸುತ್ತಲೂ ತೂತು ಕೊರೆದು, ತಳಕ್ಕೆ ಎಂಡ್ ಕ್ಯಾಪ್ ಹಾಕಬೇಕು. ತೂತುಗಳ ಮೇಲೆ ದಪ್ಪ ರಂಧ್ರದ ಸ್ಪಾಂಜನ್ನು ತೋಳಿನಂತೆ ತೊಡಿಸಬೇಕು. ಸ್ಪಾಂಜಿನ ಸ್ವಲ್ಪ ಮೇಲೆ ಪೈಪಿಗೆ ಇನ್ನೊಂದು ತೂತು ಕೊರೆದು ಗಾಳಿಯ ಟ್ಯೂಬನ್ನು ಒಳಗೆ ನುಗ್ಗಿಸಬೇಕು. ಪೈಪಿನ ತುದಿಗೆ ಎಲ್ಬೋ ಹಾಕಿ ಅದರ ಬಾಯಿ ನೀರಿನ ಮಟ್ಟಕ್ಕೆ ಬರುವಂತೆ ನಿಲ್ಲಿಸಿದರೆ ಆಯಿತು. ತೇಲದಂತೆ ಬುಡಕ್ಕೊಂದು ಟೈಲ್ಸ್ ತುಂಡು ಕಟ್ಟಬಹುದು.

ಗಾಳಿ ಬಿಟ್ಟೊಡನೆ ಪೈಪಿನೊಳಗೆ ನೀರು ಮತ್ತು ಗುಳ್ಳೆ ಬೆರೆತ ಮಿಶ್ರಣ ಸುತ್ತಲಿನ ನೀರಿಗಿಂತ ಹಗುರಾಗಿ ಮೇಲೇರುತ್ತದೆ. ಅದರ ಜಾಗಕ್ಕೆ ಸ್ಪಾಂಜಿನ ಮೂಲಕ ಹೊಸ ನೀರು ನುಗ್ಗುತ್ತದೆ. ಏರ್‌ಲಿಫ್ಟ್ ಎಂಬ ಈ ವಿದ್ಯೆಯನ್ನು 1797ರಲ್ಲೇ ಜರ್ಮನಿಯ ಗಣಿ ತಜ್ಞ ಕಾರ್ಲ್ ಲೋಷರ್ ವಿವರಿಸಿದ್ದರು. ಗಾಳಿ ಎಷ್ಟು ಆಳದಲ್ಲಿ ಪೈಪಿಗೆ ಸೇರುತ್ತದೋ ಅಷ್ಟು ಹೆಚ್ಚು ನೀರು ಮೇಲೇರುತ್ತದೆ. ಹಾಗಾಗಿ ಆ ತೂತನ್ನು ಸ್ಪಾಂಜಿಗೆ ಆದಷ್ಟು ಹತ್ತಿರ ಕೊರೆಯುವುದು ಲೇಸು.

ಸ್ಪಾಂಜಿನೊಳಗೆ ಕೆಲವು ವಾರಗಳಲ್ಲಿ ಬ್ಯಾಕ್ಟೀರಿಯಾಗಳ ಒಂದು ಊರೇ ಬೆಳೆಯುತ್ತದೆ. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಬರುವ ವಿಷಕಾರಿ ಅಮೋನಿಯಾವನ್ನು ಒಂದು ಬಗೆಯವು ನೈಟ್ರೈಟ್ ಮಾಡಿದರೆ, ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್‌ಗೆ ತಿರುಗಿಸುತ್ತವೆ. ಇವಕ್ಕೂ ಆಮ್ಲಜನಕ ಬೇಕು, ಅದು ಹರಿಯುವ ನೀರಿನೊಡನೆ ಬರುತ್ತಿರುತ್ತದೆ. ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿದರೆ ಕ್ಲೋರಿನ್ ತಾಗಿ ಅವು ಸಾಯುತ್ತವೆ. ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಅದ್ದಿ ಹಿಂಡುವುದು ಸರಿಯಾದ ಕ್ರಮ. ಪಾತ್ರೆ ತಿಕ್ಕಲು ಮಾರುವ, ಸೋಪು ಅಥವಾ ಔಷಧ ಹಾಕಿದ ಸ್ಪಾಂಜ್ ಇಲ್ಲಿಗೆ ಸಲ್ಲದು.

ಕರೆಂಟಿನ ಸಹವಾಸ

ದಿನನಿತ್ಯದ ಕೆಲಸಕ್ಕೆ ಅಂಗಡಿಯ ಏರ್ ಪಂಪ್ ಇದ್ದರೆ ಒಳ್ಳೆಯದು. ಐದು ವ್ಯಾಟಿನ ಪಂಪ್ ತಿಂಗಳಿಡೀ ಹಗಲು ರಾತ್ರಿ ನಡೆದರೂ ಸುಡುವುದು 3.6 ಯೂನಿಟ್. ಅದರ ಒಳಗಿರುವುದು ಒಂದು ತಂತಿ ಸುರುಳಿ, ತುದಿಯಲ್ಲಿ ಅಯಸ್ಕಾಂತ ಇರುವ ಒಂದು ತೋಳು, ರಬ್ಬರಿನ ಒಂದು ಪುಟ್ಟ ಬಟ್ಟಲು. ನಮ್ಮ ಕರೆಂಟು ಸೆಕೆಂಡಿಗೆ 50 ಬಾರಿ ಅತ್ತಿತ್ತ ಆಗುವುದಕ್ಕೆ ಸರಿಯಾಗಿ ತೋಳು ಅದುರಿ ಬಟ್ಟಲನ್ನು ಒತ್ತುತ್ತದೆ. ಪಂಪಿನ ಗುಂಯ್ ಸದ್ದು ಆ ಅದುರುವಿಕೆಯದು. ಪಂಪ್ ನಡೆಯುತ್ತಿದ್ದೂ ಗಾಳಿ ಬರುತ್ತಿಲ್ಲ ಎಂದರೆ ಹೆಚ್ಚಿನ ಸಲ ರಬ್ಬರ್ ಹರಿದಿರುತ್ತದೆ. ಪ್ಲಗ್ ಕಿತ್ತು, ತಳದ ಸ್ಕ್ರೂ ಬಿಚ್ಚಿ, ಅದೇ ಅಳತೆಯ ರಬ್ಬರ್ ಹಾಕಿದರೆ ಪಂಪ್ ಮತ್ತೆ ನಡೆಯುತ್ತದೆ.

ಮನೆಯಲ್ಲೇ ಮೋಟಾರ್ ಜೋಡಿಸುವ ಆಸೆ ಇದ್ದವರು ಐದು ವೋಲ್ಟಿನ ಯುಎಸ್‌ಬಿ ಪಂಪಿನಿಂದ ಆಚೆಗೆ ಹೋಗದಿರುವುದು ಕ್ಷೇಮ. ಒಂದೂವರೆ ವ್ಯಾಟಿನ ಅಂಥ ಪಂಪ್ 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಹತ್ತಿರ ಹತ್ತಿರ 20 ಗಂಟೆ ನಡೆಯುತ್ತದೆ. ಕೆಲವು ಪವರ್ ಬ್ಯಾಂಕುಗಳು ಇಷ್ಟು ಕಡಿಮೆ ಕರೆಂಟು ಎಳೆದಾಗ ತಾವಾಗಿ ಆಫ್ ಆಗುತ್ತವೆ, ಅದನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. 230 ವೋಲ್ಟಿನ ತಂತಿಗೂ ನೀರಿಗೂ ನಡುವೆ ಮನೆಯ ಕೈಕೆಲಸ ಬರಕೂಡದು.

ಇನ್ನು ಎರಡು ಎಚ್ಚರಿಕೆ. ಪಂಪ್ ನಿಂತಾಗ ತೊಟ್ಟಿಯ ನೀರು ಗಾಳಿಯ ಟ್ಯೂಬಿನಲ್ಲಿ ಹಿಂದಕ್ಕೆ ಏರಿ, ಪಂಪಿನ ಮೂಲಕ ನೆಲಕ್ಕೆ ಹರಿಯುವುದುಂಟು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಟ್ಟರೆ ಅಥವಾ ಟ್ಯೂಬಿನ ನಡುವೆ ಚೆಕ್ ವಾಲ್ವ್ ಹಾಕಿದರೆ ಅದು ತಪ್ಪುತ್ತದೆ. ಎರಡು ಕ್ಯಾನಿನ ಪಂಪಿಗೂ ಈ ವಾಲ್ವ್ ಬೇಕು. ವೈರು ಪ್ಲಗ್ಗಿಗೆ ಸೇರುವ ಮೊದಲು ಒಂದು ಕಡೆ ಕೆಳಕ್ಕೆ ಜೋತು ಬಿದ್ದು ಮೇಲೇರುವಂತೆ ಇದ್ದರೆ, ಅದರ ಮೇಲೆ ಇಳಿದು ಬಂದ ನೀರು ಸಾಕೆಟ್ ಸೇರದೆ ಅಲ್ಲೇ ತೊಟ್ಟಿಕ್ಕುತ್ತದೆ.

ಏನೂ ಕೈಗೆ ಸಿಗದ ಗಳಿಗೆಯಲ್ಲಿ ಒಂದು ಚೊಂಬು ಸಾಕು. ತೊಟ್ಟಿಯ ನೀರನ್ನೇ ಮೊಗೆದು ಒಂದಡಿ ಎತ್ತರದಿಂದ ಅದಕ್ಕೇ ಸುರಿಯುತ್ತಿದ್ದರೆ ಮೇಲ್ಮೈ ಒಡೆದು ಆಮ್ಲಜನಕ ಸೇರುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹೀಗೆ ಮಾಡುತ್ತಿದ್ದರೆ ಮೀನುಗಳು ಕರೆಂಟು ಬರುವವರೆಗೆ ತಡೆದುಕೊಳ್ಳುತ್ತವೆ. ಆ ಹೊತ್ತಿನಲ್ಲಿ ಆಹಾರ ಹಾಕಬಾರದು.

ಮಾಡಿಟ್ಟ ಉಪಕರಣದ ಬೆಲೆ ಗೊತ್ತಾಗಬೇಕಾದರೆ ಒಂದು ತಾಲೀಮು ನಡೆಸಬೇಕು. ಮನೆಯಲ್ಲೇ ಇರುವ ಒಂದು ಭಾನುವಾರ ಪಂಪ್ ಆಫ್ ಮಾಡಿ ತೊಟ್ಟಿಯ ಮುಂದೆ ಕೂತರೆ, ಮೊದಲು ಕಿವಿರಿನ ಬಡಿತ ಚುರುಕಾಗುವುದು ಕಾಣುತ್ತದೆ, ಆಮೇಲೆ ಒಂದೊಂದೇ ಮೀನು ಮೇಲಕ್ಕೆ ಬರತೊಡಗುತ್ತದೆ. ಬಡಿತ ಏರಿದ ಗಳಿಗೆಯಲ್ಲೇ ಪಂಪ್ ಮತ್ತೆ ಹಾಕಿ ಎಷ್ಟು ಹೊತ್ತಾಯಿತು ಎಂದು ಬರೆದಿಟ್ಟುಕೊಳ್ಳಬೇಕು. ನಾಲ್ಕಾರು ಗಂಟೆ ಏನೂ ಆಗದ ತೊಟ್ಟಿಗೆ ಚೊಂಬೇ ಸಾಕು. ಒಂದು ಗಂಟೆಗೇ ಮೀನು ಮೇಲೆ ಬಂದರೆ ಎರಡು ಕ್ಯಾನು ಅಥವಾ ಪವರ್ ಬ್ಯಾಂಕ್ ಸಿದ್ಧವಿರಬೇಕು, ಜೊತೆಗೆ ತೊಟ್ಟಿಯಲ್ಲಿ ಮೀನು ಹೆಚ್ಚಾಗಿವೆ ಎಂದೂ ತಿಳಿಯಬೇಕು. ಸೆಖೆಗಾಲದಲ್ಲಿ ಈ ಸಮಯ ಇನ್ನೂ ಕಡಿಮೆಯಾಗುವುದರಿಂದ ತಾಲೀಮನ್ನು ಮಾರ್ಚ್ ಕೊನೆಯಲ್ಲಿ ಇನ್ನೊಮ್ಮೆ ನಡೆಸುವುದು ಒಳ್ಳೆಯದು.